ಖಾಲಿ ಬೋಸಿ

ನಾನು ಪಾತ್ರೆಯನ್ನು ಚೆನ್ನಾಗಿಯೇ ತೊಳೆದಿದ್ದೆ. ಮುಂದೆ ನೀವು ಏನೇನು ಕೇಳಿದರೂ ಈ ಒಂದು ಅಂಶವನ್ನು ನನ್ನ ಪರವಾಗಿ ನೆನಪಿಟ್ಟುಕೊಳ್ಳಬೇಕು ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಸೋಪು ಹಾಕಿ, ನಾರಿನಲ್ಲಿ ತಿಕ್ಕಿ, ಮೂರು ಸಲ ನೀರು ಬದಲಾಯಿಸಿ, ಕೊನೆಗೆ ನಾನು ಮುಖ ಒರೆಸಿಕೊಳ್ಳುವ ಟವೆಲಿನಿಂದಲೇ ಒರೆಸಿದ್ದೆ. ತಳದಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖದಲ್ಲಿ ಸಭ್ಯ ಗೃಹಸ್ಥನೊಬ್ಬನ ತೃಪ್ತಿಯೂ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ತೊಳೆದದ್ದೇ ತಪ್ಪಾಯಿತು ಎಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಈ ಊರಿಗೆ ನಾನು ಬಂದದ್ದೂ ಇಂಥದೇ ಒಂದು ಆತುರದಿಂದ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಗಣಿತ ಹೇಳಿ ನಿವೃತ್ತನಾಗಿ, ಮೈಸೂರಿನಲ್ಲಿ ಒಂದೇ ಪತ್ರಿಕೆಯನ್ನು ದಿನಕ್ಕೆ ಎರಡು ಸಲ ಓದುವ ಹಂತ ತಲುಪಿದ್ದೆ. ಆಗ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ತಮಿಳುನಾಡಿನ ಗಡಿಯೊಳಗೆ, ಕೆಲಮಂಗಲದಿಂದ ಸ್ವಲ್ಪ ಆಚೆ, ಹೊಲಗಳ ನಡುವೆ ಇರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನೀಗ ವಿಭಾಗದ ಮುಖ್ಯಸ್ಥ. ಗಣಿತದವರೊಬ್ಬರು ವರ್ಷದ ನಡುವೆ ಬಿಟ್ಟುಹೋಗಿದ್ದಾರೆ, ತಾವು ಬಂದರೆ ದೊಡ್ಡ ಉಪಕಾರ ಎಂದ. ಅವನು ವಾಕ್ಯ ಮುಗಿಸುವುದರೊಳಗೆ ನಾನು ‘ಆಗಲಿ’ ಎಂದುಬಿಟ್ಟಿದ್ದೆ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ವಿಮಲ ನಿಂತಿದ್ದಳು. “ಯಾವುದಕ್ಕೆ ಆಗಲಿ ಅಂದ್ರಿ?” ಎಂದು ಕೇಳಿದಳು.

ವಿಮಲ ನನ್ನ ವರ್ಗಾವಣೆಗಳ ಹಿಂದೆ ಏಳು ಮನೆ ಬದಲಾಯಿಸಿದವಳು. ಅರಸೀಕೆರೆ, ಚಿತ್ರದುರ್ಗ, ಕೊಳ್ಳೇಗಾಲ ಎಂದು ಶುರುವಾದ ಆ ಪಟ್ಟಿ ಮೈಸೂರಿನಲ್ಲಿ ಮುಗಿದಿತ್ತು. ಮೈಸೂರಿನ ಮನೆಗೆ ಬಂದಿಳಿದ ವಾರ ಅವಳು ಕೊನೆಯ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಎಲ್ಲ ಪೆಟ್ಟಿಗೆಗಳನ್ನೂ ಕಾಲಿನಿಂದ ತುಳಿದು ಚಪ್ಪಟೆ ಮಾಡಿ, ಹಳೆ ಪೇಪರಿನವನಿಗೆ ಹಾಕಿದ್ದಳು. ಇನ್ನು ಮುಂದೆ ಪೆಟ್ಟಿಗೆ ಬೇಕಾಗುವುದಿಲ್ಲ ಎಂಬುದು ಅದರ ಅರ್ಥ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೆ. ಈಗ ಅವಳನ್ನು ಒಂದು ಮಾತೂ ಕೇಳದೆ ಆಗಲಿ ಎಂದವನು ಅದೇ ತಲೆಯಾಡಿಸಿದ ಮನುಷ್ಯ.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಸುಲಭವಿತ್ತು. “ನೀವು ಹೋಗಿ. ಅಲ್ಲಿ ಮನೆ ಅಂತ ಒಂದು ಆದಮೇಲೆ ನಾನು ಬಂದು ನೋಡ್ತೀನಿ. ಇರೋ ಹಾಗಿದ್ದರೆ ಇರ್ತೀನಿ. ಇಲ್ಲದಿದ್ದರೆ ಮಾರನೆ ದಿನವೇ ವಾಪಸ್ ಬಸ್ಸು” ಎಂದಳು. ಅವಳಿಲ್ಲದೆ ನಾನು ಒಂದು ವಾರಕ್ಕಿಂತ ಹೆಚ್ಚು ಎಲ್ಲೂ ಇದ್ದವನಲ್ಲ. ಅವಳು ಬಾರದೇ ಹೋದರೆ ಎಂಬ ಹೆದರಿಕೆ ಹೊಟ್ಟೆಯಲ್ಲಿ ಇಟ್ಟುಕೊಂಡೇ, ಮೇಲೆ ಮಾತ್ರ ಧೀರನಂತೆ, ಸಾಮಾನು ಕಟ್ಟಲು ಕೂತೆ.

ಸಾಮಾನು ಕಟ್ಟುವುದರಲ್ಲಿ ನನ್ನದೊಂದು ಪದ್ಧತಿಯಿದೆ. ಇದೆ ಎಂದು ಆವರೆಗೆ ನನಗೂ ಗೊತ್ತಿರಲಿಲ್ಲ, ಏಕೆಂದರೆ ಏಳು ಸಲವೂ ಕಟ್ಟಿದವಳು ವಿಮಲ. ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯಲ್ಲಿ ಏನಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪೆಟ್ಟಿಗೆಯ ಮೇಲೆ ‘ಅಡುಗೆ ಸಾಮಾನು’ ಎಂದು ಬರೆಯುವುದು ಅನಕ್ಷರಸ್ಥರ ಕ್ರಮ ಎಂದು ನನಗನ್ನಿಸಿತು. ಹದಿನಾಲ್ಕು ಪೆಟ್ಟಿಗೆ, ಹದಿನಾಲ್ಕು ಸಂಖ್ಯೆ, ಎಲ್ಲ ಅಚ್ಚುಕಟ್ಟು. ಹೊಸ ಮನೆಯಲ್ಲಿ ಪೆಟ್ಟಿಗೆಗಳನ್ನಿಳಿಸಿ ಲಾರಿಯವರು ಹೋದಮೇಲೆ ತಿಳಿಯಿತು, ಆ ನೋಟ್‌ಬುಕ್ಕನ್ನು ಕಳೆದುಹೋಗದಿರಲಿ ಎಂದು ನಾನು ಯಾವುದೋ ಒಂದು ಪೆಟ್ಟಿಗೆಯೊಳಗೆ ಭದ್ರವಾಗಿ ಇಟ್ಟಿದ್ದೇನೆ. ಯಾವ ಪೆಟ್ಟಿಗೆ ಎಂಬುದು ಆ ನೋಟ್‌ಬುಕ್ಕಿನಲ್ಲಿ ಇದೆ.

ಅದೃಷ್ಟಕ್ಕೆ ಸಿಕ್ಕ ಮೊದಲ ಪೆಟ್ಟಿಗೆಯಲ್ಲಿ ಟೀ ಸೋಸುವ ಜರಡಿ, ಇಸ್ತ್ರಿ ಪೆಟ್ಟಿಗೆ ಮತ್ತು ಗೊಂಬೆ ಹಬ್ಬದ ಗೊಂಬೆಗಳು ಇದ್ದವು. ಎರಡನೆಯದರಲ್ಲಿ ಪುಸ್ತಕ. ಮೂರನೆಯದರಲ್ಲಿ ಕುಕ್ಕರು ಇತ್ತು, ವೆಯ್ಟ್ ಇರಲಿಲ್ಲ. ಅಲ್ಲಿಗೆ ನನ್ನ ಉತ್ಸಾಹ ಇಳಿಯಿತು. ಉಳಿದ ಹನ್ನೊಂದನ್ನು ಗೋಡೆಗೆ ಒರಗಿಸಿ, ಅವುಗಳ ಮೇಲೆ ಬೆಡ್‌ಶೀಟ್ ಹೊದಿಸಿ, ಅದೊಂದು ದಿವಾನ್ ಎಂದು ನನ್ನನ್ನೇ ನಂಬಿಸಿಕೊಂಡೆ. ಜರಡಿಯಲ್ಲಿ ಟೀ ಸೋಸುತ್ತ, ಕಾಲೇಜಿನ ಕ್ಯಾಂಟೀನಿನಲ್ಲಿ ಉಣ್ಣುತ್ತ ದಿನ ತಳ್ಳತೊಡಗಿದೆ.

ಊರು ಚಿಕ್ಕದು. ಒಂದು ತುದಿಗೆ ಕಾಲೇಜು, ಇನ್ನೊಂದು ತುದಿಗೆ ಟೊಮೆಟೊ ಹೊಲ, ನಡುವೆ ಎರಡು ಜೆರಾಕ್ಸ್ ಅಂಗಡಿ, ಒಂದು ಬೇಕರಿ, ಹುಡುಗರ ಪಿಜಿಗಳು. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಬೆಳಗಿನ ಇಬ್ಬನಿಯಲ್ಲಿ ನೆಂದು ಹೊಳೆಯುತ್ತವೆ. ಇಲ್ಲಿನವರು ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಎಡಗಡೆಯವನ ಹತ್ತಿರ ತೆಲುಗು, ಬಲಗಡೆಯವನ ಹತ್ತಿರ ಕನ್ನಡ, ಅಂಗಡಿಯವನ ಹತ್ತಿರ ತಮಿಳು ಆಡುತ್ತಾರೆ. ಹಾಗೆ ಬದಲಾಯಿಸುವಾಗ ಅವರ ಮುಖದಲ್ಲಿ ಯಾವ ಶ್ರಮವೂ ಕಾಣುವುದಿಲ್ಲ. ನಾನೊಬ್ಬ ಮಾತ್ರ ಅಂಗಡಿಗಳ ತಮಿಳು ಬೋರ್ಡು ಓದಲಾರದೆ, ಒಳಗೆ ನೇತುಹಾಕಿದ ವಸ್ತು ನೋಡಿ ಯಾವ ಅಂಗಡಿ ಎಂದು ಪತ್ತೆ ಮಾಡುತ್ತಿದ್ದೆ. ಒಮ್ಮೆ ಕ್ಷೌರದ ಅಂಗಡಿ ಎಂದು ಹೋಗಿ ಮೊಬೈಲ್ ರಿಪೇರಿಯವನ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿಕೊಂಡಿದ್ದೂ ಆಯಿತು.

ನನ್ನ ಮನೆಯ ಮಾಲೀಕರು ಹೊಸೂರಿನಲ್ಲಿದ್ದಾರೆ. ಪಕ್ಕದ ಮನೆ ಮುನಿರತ್ನಮ್ಮನದು. ಅವರ ಗಂಡ ಕೆಂಪಣ್ಣ ರಾಗಿ, ಅವರೆ, ಟೊಮೆಟೊ ಬೆಳೆಯುತ್ತಾರೆ, ಮಗ ಹೊಸೂರಿನ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾನೆ. ಎಷ್ಟೋ ತಲೆಮಾರಿನಿಂದ ಅದೇ ಊರು, ಅದೇ ಜಗಲಿ. ನಾನು ಬಂದ ದಿನ ಸಂಜೆ ಮುನಿರತ್ನಮ್ಮ ಮುಚ್ಚಳ ಹಾಕಿದ ಒಂದು ಬೋಸಿ ಹಿಡಿದು ನನ್ನ ಬಾಗಿಲಿಗೆ ಬಂದರು. ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಈ ಕಡೆ ಬೋಸಿ ಎನ್ನುತ್ತಾರೆ.

“ಸೊಪ್ಪಿನ ಸಾರು ಸಾ. ಒಬ್ರೇ ಬಂದಿದ್ದೀರ, ಒಲೆ ಹಚ್ಚಿರಾಕಿಲ್ಲ ಅಂತ ತಂದೆ. ಬಿಸಿ ಇದ್ದಂಗೇ ತಿನ್ನಿ” ಎಂದರು.

ಬೋಸಿಯ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವರ ಹೆಸರು ಕೊರೆದಿತ್ತು. ಪಾತ್ರೆಯ ಮೇಲೆ ಹೆಸರು ಕೊರೆಸುವ ವಿಷಯದಲ್ಲಿ ಮಾತ್ರ ಕನ್ನಡ, ತಮಿಳು, ತೆಲುಗಿನವರಲ್ಲಿ ಎಂದೂ ಭಿನ್ನಾಭಿಪ್ರಾಯ ಬಂದದ್ದಿಲ್ಲ. ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಗೃಹಪ್ರವೇಶದ ತಾರೀಕು, ಎಲ್ಲವೂ ಪಾತ್ರೆಯ ಮೈಮೇಲೆ ಇರುತ್ತದೆ. ಮುಂದೆ ಯಾವುದೋ ಕಾಲದಲ್ಲಿ ಈ ನೆಲ ಅಗೆದವರು ಈ ಊರಿನ ಚರಿತ್ರೆಯನ್ನೆಲ್ಲ ಬೋಸಿಗಳ ಮೇಲಿಂದಲೇ ಬರೆಯಬಹುದು. ಆದರೆ ಹೆಸರು ಯಾಕೆ ಕೊರೆಸುತ್ತಾರೆ ಎಂದು ಆಗ ನಾನು ಯೋಚಿಸಲಿಲ್ಲ. ಪಾತ್ರೆ ಮನೆಯಲ್ಲೇ ಇರುವುದಾದರೆ ಅದಕ್ಕೆ ಹೆಸರೇಕೆ? ಮನೆಯಿಂದ ಮನೆಗೆ ತಿರುಗುವುದಕ್ಕೆಂದೇ ಅದು ಹೆಸರು ಹೊತ್ತಿರುತ್ತದೆ. ಇಷ್ಟು ಸುಲಭದ ಪ್ರಮೇಯ ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಸಾರು ಉಂಡೆ. ಉಂಡೆ ಎನ್ನುವುದಕ್ಕಿಂತ ಕುಡಿದೆ ಎನ್ನಬೇಕು, ಅನ್ನ ಇರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಆ ಸಾರು ಒಳಗಿಳಿದಾಗ ಊರು ಬಿಟ್ಟು ಬಂದ ದುಃಖವೂ ಸ್ವಲ್ಪ ಕರಗಿತು. ಅರ್ಧ ಗಂಟೆಯೊಳಗೆ ಬೋಸಿಯನ್ನು ಆಗಲೇ ಹೇಳಿದ ಹಾಗೆ ತೊಳೆದು, ಒರೆಸಿ, ಕೊಂಡೊಯ್ದು ಕೊಟ್ಟೆ. ಮುನಿರತ್ನಮ್ಮ ಮುಚ್ಚಳ ತೆಗೆದು ಒಳಗೆ ನೋಡಿದರು.

“ಇಷ್ಟು ಬಿರ್‍ರನೆ ಯಾಕ್ ತಂದ್ರಿ ಸಾ?” ಎಂದರು.

“ನಿಮಗೆ ಬೇಕಾಗುತ್ತಲ್ಲ” ಎಂದೆ. ನನ್ನ ಶಿಸ್ತಿಗೆ ಅವರು ಬೆರಗಾಗಿರಬೇಕು ಎಂದುಕೊಂಡು ಹಿಂದಿರುಗಿದೆ.

ನಾಲ್ಕು ದಿನ ಬಿಟ್ಟು ಹುರುಳಿಕಾಳಿನ ಸಾರು ಬಂತು. ಅದನ್ನೂ ಅಷ್ಟೇ ಬೇಗ, ಅಷ್ಟೇ ಹೊಳೆಯುವ ಹಾಗೆ ವಾಪಸ್ ಮಾಡಿದೆ. ಮೂರನೆಯ ಸಲ ಪಾಯಸ ಬಂದಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೋಸಿಯನ್ನು ಬಿಸಿನೀರಿನಲ್ಲಿ ಅದ್ದಿ ತೊಳೆದು ಕೊಟ್ಟೆ. ಕೈಯಲ್ಲಿ ಹಿಡಿದಾಗ ಇನ್ನೂ ಬೆಚ್ಚಗಿತ್ತು. ಮುನಿರತ್ನಮ್ಮ ಈ ಸಲ ಮುಚ್ಚಳ ತೆಗೆದು ನೋಡಿದವರು ಏನೂ ಹೇಳದೆ ಒಳಗೆ ಹೋದರು. ಅಲ್ಲಿಗೆ ಬೋಸಿ ನಿಂತಿತು.

ಬೋಸಿ ಮಾತ್ರವಲ್ಲ, ಮಾತೂ ನಿಂತಿತು. ಬೆಳಿಗ್ಗೆ ಗೇಟಿನ ಬಳಿ ಕಂಡರೆ ಮುನಿರತ್ನಮ್ಮ ರಂಗೋಲಿಯ ಚುಕ್ಕೆಗಳನ್ನೇ ನೋಡುತ್ತಿದ್ದರು. ಕೆಂಪಣ್ಣ ಯಾರ ಜೊತೆಗೋ ಫೋನಿನಲ್ಲಿ “ಬತ್ತೀನಿ ಕಣ್ಲಾ, ಅಲ್ಲೇ ಇರು” ಎಂದು ಗಟ್ಟಿಯಾಗಿ ಮಾತಾಡುತ್ತ ನನ್ನನ್ನು ದಾಟಿ ಹೋಗುತ್ತಿದ್ದರು. ನಾನು ಈ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಬಿಡಿಸಲು ಕೂತೆ. ಸಾಧ್ಯವಾದ ಕಾರಣಗಳನ್ನೆಲ್ಲ ಬರೆದು, ಒಂದೊಂದನ್ನಾಗಿ ಹೊಡೆದುಹಾಕುವುದು ನಮ್ಮ ಕ್ರಮ. ನನ್ನ ಸ್ಕೂಟರು ಅವರ ಹಸು ಕಟ್ಟುವ ಜಾಗಕ್ಕೆ ಹತ್ತಿರವಿತ್ತು. ಅದನ್ನು ತೆಗೆದು ರಸ್ತೆಯ ಆಚೆ ರಣಬಿಸಿಲಿನಲ್ಲಿ ನಿಲ್ಲಿಸಿದೆ. ನಾನು ಬಟ್ಟೆ ಒಣಹಾಕುವ ಹಗ್ಗ ಅವರ ತುಳಸಿಗೆ ಎದುರಾಗಿತ್ತು. ಬಿಚ್ಚಿ ಮನೆಯೊಳಗೆ ಕಟ್ಟಿಕೊಂಡು, ಒದ್ದೆ ಬನಿಯನ್ನುಗಳ ನಡುವೆ ಬಗ್ಗಿ ಓಡಾಡಿದೆ. ಬೆಳಿಗ್ಗೆ ಗಟ್ಟಿಯಾಗಿ ಗಂಟಲು ಸರಿಮಾಡಿಕೊಳ್ಳುವ ನನ್ನ ಅಭ್ಯಾಸವನ್ನು ಬಾತ್‌ರೂಮಿನ ಬಾಗಿಲು ಹಾಕಿ, ನಲ್ಲಿ ಬಿಟ್ಟುಕೊಂಡು ಮುಂದುವರಿಸಿದೆ. ಯಾವುದಕ್ಕೂ ಫಲ ಕಾಣಲಿಲ್ಲ. ಸ್ಕೂಟರಿನ ಸೀಟು ಮಾತ್ರ ಬಿರುಕು ಬಿಟ್ಟಿತು, ಮಧ್ಯಾಹ್ನ ಅದರ ಮೇಲೆ ಕೂರುವಾಗ ನಾನು ಹಾಕುತ್ತಿದ್ದ ಕೂಗು ಊರಿಗೆ ಪರಿಚಿತವಾಯಿತು.

ಈ ನಡುವೆ ವಿಮಲ ದಿನವೂ ಸಂಜೆ ಫೋನು ಮಾಡುತ್ತಿದ್ದಳು. ನಾನು ದಿನವೂ ಸುಳ್ಳು ಹೇಳುತ್ತಿದ್ದೆ. ಪೆಟ್ಟಿಗೆ ಎಲ್ಲ ಬಿಚ್ಚಾಯಿತು, ಮನೆ ಬೆಳಕಾಗಿದೆ, ಅಕ್ಕಪಕ್ಕದವರು ಒಡಹುಟ್ಟಿದವರ ಹಾಗಿದ್ದಾರೆ. ಇವುಗಳಲ್ಲಿ ಮನೆ ಬೆಳಕಾಗಿದೆ ಎಂಬುದು ನಿಜ, ಕರ್ಟನ್ನುಗಳು ಯಾವ ಪೆಟ್ಟಿಗೆಯಲ್ಲಿವೆ ಎಂದು ಗೊತ್ತಿರಲಿಲ್ಲ. ಮೂರನೆಯ ವಾರದ ಬುಧವಾರ ಅವಳು ಹೇಳಿದಳು: “ಈ ಭಾನುವಾರ ಬಂದು ನೋಡ್ತೀನಿ. ಮೂರು ಗಂಟೆಗೆ ಹೊಸೂರು ಬಸ್‌ಸ್ಟ್ಯಾಂಡಿಗೆ ಬನ್ನಿ.” ಆ ಗಾಬರಿಯಲ್ಲಿ ಒಂದು ನಿಜ ಬಾಯಿಂದ ಜಾರಿತು. ಪಕ್ಕದ ಮನೆಯವರು ಮೊದಲು ಸಾರು ಕಳಿಸುತ್ತಿದ್ದರು, ಈಗ ಯಾಕೋ ಕಳಿಸುವುದಿಲ್ಲ ಎಂದುಬಿಟ್ಟೆ.

“ಅವರ ಪಾತ್ರೆಯಲ್ಲಿ ಏನು ಹಾಕಿ ಕೊಟ್ರಿ?”

“ಏನು ಹಾಕಿ ಅಂದರೆ? ತೊಳೆದು ಕೊಟ್ಟೆ. ಚೆನ್ನಾಗಿಯೇ ತೊಳೆದು ಕೊಟ್ಟೆ.”

“ಖಾಲಿ ಪಾತ್ರೆ ಕೊಟ್ರಾ?” ಎಂದಳು ವಿಮಲ, ನಿಧಾನವಾಗಿ. “ಮೂರು ಸಲವೂ? ಅಲ್ಲಾರೀ, ಮೂವತ್ತೆಂಟು ವರ್ಷ ನನ್ನ ಜೊತೆ ಇದ್ದೀರಿ. ನಮ್ಮ ಮನೆಯಿಂದ ಪಾತ್ರೆ ಹೇಗೆ ವಾಪಸ್ ಹೋಗುತ್ತೆ ಅಂತ ಒಂದು ದಿನವೂ ನೋಡಲಿಲ್ವಾ?”

ನಿಜವಾಗಿ ನೋಡಿರಲಿಲ್ಲ. ಬಂದದ್ದು ಗೊತ್ತಿತ್ತು. ಅರಸೀಕೆರೆಯಲ್ಲಿ ಪಕ್ಕದ ಮನೆಯಿಂದ ಎಳ್ಳುಹೋಳಿಗೆ ಬಂದದ್ದು, ಕೊಳ್ಳೇಗಾಲದಲ್ಲಿ ಎದುರು ಮನೆಯ ಬಿಸಿಬೇಳೆ ಬಾತು, ಎಲ್ಲ ನಾಲಿಗೆಯ ಮೇಲೆ ಇನ್ನೂ ಇದೆ. ಆ ಪಾತ್ರೆಗಳು ಹೋದದ್ದು ಮಾತ್ರ ಯಾವ ಊರಿನದೂ ನೆನಪಿಲ್ಲ. ವಿಮಲ ಅವತ್ತು ಫೋನಿನಲ್ಲಿ ಪಾಠ ಹೇಳಿದಳು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಗಿಡ ಇದ್ದ ಮನೆಯಲ್ಲಿ ಒಂದು ಎಸಳು ಕರಿಬೇವು. ಚಿತ್ರದುರ್ಗದಲ್ಲಿ ಮಗಳು ಹುಟ್ಟಿದ ತಿಂಗಳು ಕೈಲಾಗದೆ ಎರಡು ನಿಂಬೆಹಣ್ಣು. ಹಾಕುವುದು ಎಷ್ಟೇ ಇರಲಿ, ಪಾತ್ರೆ ಖಾಲಿ ಹೋಗಬಾರದು. ಖಾಲಿ ಹೋದರೆ ಇನ್ನು ಕಳಿಸಬೇಡಿ, ಇಲ್ಲಿಗೆ ಸಾಕು ಎಂದು ಹೇಳಿದ ಹಾಗೆ.

ಫೋನಿಟ್ಟ ಮೇಲೆ ದಿವಾನ್ ಎಂದು ಕರೆದುಕೊಂಡಿದ್ದ ಪೆಟ್ಟಿಗೆಗಳ ಮೇಲೆ ಕೂತೆ. ಶೂನ್ಯ ಎಂದರೆ ಏನೂ ಇಲ್ಲ ಎಂದಲ್ಲ, ಅದಕ್ಕೂ ಒಂದು ಬೆಲೆ ಇದೆ ಎಂದು ಮೂವತ್ತನಾಲ್ಕು ವರ್ಷ ಹುಡುಗರಿಗೆ ಹೇಳಿಕೊಟ್ಟವನು ನಾನು. ಆದರೆ ಅವತ್ತು ನನಗೆ ನೋವಾದದ್ದು ಅದಕ್ಕಲ್ಲ. ಏಳು ಊರಿನಲ್ಲಿ ನೆಲೆಯೂರಿದವನು ನಾನು ಎಂದುಕೊಂಡಿದ್ದೆ. ವರ್ಗಾವಣೆಯ ಕಾಗದ ನನ್ನ ಹೆಸರಿಗೆ ಬರುತ್ತಿತ್ತು, ಮನೆಯ ಬೋರ್ಡಿನಲ್ಲಿ ನನ್ನ ಹೆಸರು ಇರುತ್ತಿತ್ತು. ಅಷ್ಟು ಊರಿನಲ್ಲೂ ಹಿಡಿ ಸಕ್ಕರೆ, ಎಸಳು ಕರಿಬೇವು ಹಾಕಿ ಹಾಕಿ ಬೇರು ಬಿಟ್ಟವಳು ಅವಳು. ನಾನು ಅವಳ ಬೇರಿಗೆ ಅಂಟಿಕೊಂಡ ಮಣ್ಣಿನ ಹಾಗೆ ಬಂದಿದ್ದೆ ಅಷ್ಟೆ. ಅಂಥವಳನ್ನು ಒಂದು ಮಾತೂ ಕೇಳದೆ ಆಗಲಿ ಎಂದಿದ್ದೆ ಎನ್ನುವುದು ನೆನಪಾಗಿ ನಾಚಿಕೆಯಾಯಿತು.

ಸರಿ, ತಪ್ಪು ತಿಳಿಯಿತು. ತಿದ್ದುವುದು ಹೇಗೆ? ಇಲ್ಲಿ ಒಂದು ತೊಡಕಿತ್ತು. ಪಾತ್ರೆ ತುಂಬಿ ಕೊಡಬೇಕಾದರೆ ನನ್ನ ಹತ್ತಿರ ಅವರ ಪಾತ್ರೆ ಇರಬೇಕು. ಪಾತ್ರೆ ನನ್ನ ಹತ್ತಿರ ಬರಬೇಕಾದರೆ ಅವರು ಕಳಿಸಬೇಕು. ಅವರು ಕಳಿಸುವುದನ್ನು ನಾನೇ ನಿಲ್ಲಿಸಿದ್ದೆ. ನನ್ನದೇ ಪಾತ್ರೆಯಲ್ಲಿ ಏನಾದರೂ ಕೊಂಡೊಯ್ಯೋಣವೆಂದರೆ ಪಾತ್ರೆಗಳು ಹನ್ನೊಂದರಲ್ಲಿ ಯಾವುದೋ ಒಂದು ಪೆಟ್ಟಿಗೆಯಲ್ಲಿದ್ದವು. ವೆಯ್ಟ್ ಇಲ್ಲದ ಕುಕ್ಕರಿನಲ್ಲಿ ಉಪ್ಪಿಟ್ಟು ಮಾಡಿದೆ. ಅದು ಗೋಡೆಯ ಬಿರುಕು ಮುಚ್ಚಲು ಯೋಗ್ಯವಾಗಿತ್ತು. ಬೇಕರಿಯಿಂದ ಕೇಕು ತಂದು ಗೇಟಿನವರೆಗೂ ಹೋಗಿ, ಅದರ ಮೇಲೆ ಹ್ಯಾಪಿ ಬರ್ತ್‌ಡೇ ಎಂದು ಬರೆದಿರುವುದನ್ನು ನೋಡಿ ವಾಪಸ್ ಬಂದು ನಾನೇ ತಿಂದೆ. ಹೀಗೆ ಗುರುವಾರ, ಶುಕ್ರವಾರ, ಶನಿವಾರ ಕಳೆದವು.

ಭಾನುವಾರ ಬೆಳಿಗ್ಗೆ ಎಂಟಕ್ಕೆ, ಇನ್ನು ನೇರವಾಗಿ ಹೋಗಿ ಮಾತಾಡುವುದೇ ಸರಿ ಎಂದು ಹೊರಟೆ. ಮುನಿರತ್ನಮ್ಮ ಜಗಲಿಯ ಮೇಲೆ ಅವರೆಕಾಳಿನ ರಾಶಿಯ ನಡುವೆ ಕೂತಿದ್ದರು. ಅವರೆಯ ಕಾಲ. ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಹಾಕಿ ಎರಡು ದೊಡ್ಡ ಬೋಸಿಗಳಲ್ಲಿ ಇಟ್ಟುಕೊಂಡಿದ್ದರು. ನೆನೆದ ಕಾಳನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಗೆ ಜಿಗಿಯುತ್ತದೆ. ಅದೇ ಹಿದಕುವುದು. ಹಿದಕಿದ ಬೇಳೆ ಸಾರನ್ನು ಬಾಯಿ ಚಪ್ಪರಿಸಿ ತಿನ್ನುವವರು ಬೇಕಾದಷ್ಟು ಜನ, ಹಿದಕುವವರು ಯಾರೂ ಸಿಗುವುದಿಲ್ಲ. ಮುನಿರತ್ನಮ್ಮನ ಬಲಗೈ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಒಂದೊಂದೇ ಒತ್ತುತ್ತಿದ್ದರು.

“ಬೆರಳಿಗೆ ಏನಾಯ್ತಮ್ಮ?” ಎಂದೆ.

“ಕುಡುಗೋಲು ತಗುಲ್ತು ಸಾ. ಇವತ್ತು ನಮ್ಮಕ್ಕನ ಮನೆಯೋರು ಬತ್ತಾ ಅವ್ರೆ, ಈ ಕೈ ನೋಡಿದ್ರೆ ಹಿಂಗೆ” ಎಂದರು, ನನ್ನ ಮುಖ ನೋಡದೆ.

“ಒಂದು ಬೋಸಿ ಇಲ್ಲಿ ಕೊಡಿ. ನಾನು ಹಿದಕಿ ಕೊಡ್ತೀನಿ.”

ಈಗ ಮುಖ ನೋಡಿದರು. “ನಮ್ಮ ಬೋಸಿ ನಿಮ್ಗೆ ಯಾಕೆ ಸಾ” ಎಂದರು. ಕೋಪವಿರಲಿಲ್ಲ, ಅದಕ್ಕಿಂತ ಕಷ್ಟದ್ದೇನೋ ಇತ್ತು. “ಮೂರು ಸಲ ಬರೀ ಬೋಸಿ ಕೊಟ್ರಿ. ಹೋಗ್ಲಿ, ಗಂಡಸ್ರಿಗೆ ಗೊತ್ತಾಗಾಕಿಲ್ಲ ಅಂದ್ಕಂಡೆ. ಆದ್ರೆ ಅಂಗೆ ತಿಕ್ಕಿ ತಿಕ್ಕಿ, ಬಿಸಿನೀರಾಗೆ ಅದ್ದಿ ಕೊಟ್ರಲ್ಲ, ಆಗ ಇವ್ರು ಅಂದ್ರು, ಬುಡು, ನಮ್ಮನೆ ಊಟ ಮೇಷ್ಟ್ರಿಗೆ ಆಗಾಕಿಲ್ವೇನೋ, ನಾವು ಮುಟ್ಟಿದ್ದು ಆಗಾಕಿಲ್ವೇನೋ ಅಂತ. ಅದ್ಕೇ ನಿಲ್ಲಿಸ್ಬುಟ್ಟೆ.”

ಸ್ಕೂಟರು, ಹಗ್ಗ, ಗಂಟಲು ಎಂದು ನಾನು ಮಾಡಿದ ಪಟ್ಟಿಯಲ್ಲಿ ಇದು ಇರಲಿಲ್ಲ. ಇಂಥದೊಂದು ಅರ್ಥ ನನ್ನ ಕೈಯಿಂದ ಹೊರಡಬಹುದು ಎಂದೇ ನಾನು ಯೋಚಿಸಿರಲಿಲ್ಲ. ಆದರೆ ಅಂಥ ಅರ್ಥವನ್ನು ಅವರು ತಾವಾಗಿ ಹುಟ್ಟಿಸಿಕೊಂಡದ್ದೂ ಅಲ್ಲ. ಹಿಂದೆ ಯಾರೋ ಬೇಕೆಂದೇ ಹಾಗೆ ತೊಳೆದು ಕೊಟ್ಟಿದ್ದರಿಂದಲೇ ಅವರಿಗೆ ಅದು ಹೊಳೆದದ್ದು. ಒಳ್ಳೆಯ ಮಾತು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ನಿಜ ಒಂದೇ.

“ಅಮ್ಮಾ, ನಾನು ಹುಟ್ಟಿದಮೇಲೆ ಪಾತ್ರೆ ಅಂತ ತೊಳೆದದ್ದೇ ಈ ಊರಿನಲ್ಲಿ. ಎಷ್ಟು ತೊಳೆದರೆ ಸಾಕು ಅಂತ ನನಗೆ ಗೊತ್ತಿಲ್ಲ. ನಿಮ್ಮ ಸಾರು ನಿಂತಮೇಲೆ ನಾನು ಸರಿಯಾಗಿ ಉಂಡಿಲ್ಲ” ಎಂದೆ.

ಮುನಿರತ್ನಮ್ಮ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗಲು ಶುರುಮಾಡಿದರು. ಆ ನಗು ಕೇಳಿ ಕೆಂಪಣ್ಣ ಹಲ್ಲುಜ್ಜುತ್ತಿದ್ದವರು ಹಾಗೇ ಹೊರಗೆ ಬಂದರು. “ಕೇಳಿಸ್ಕೊಂಡ್ರಾ? ಈ ವಯಸ್ಸಿಗೆ ಮೊದ್ಲ ಕಿತ ಪಾತ್ರೆ ತೊಳ್ದವ್ರಂತೆ!” ಎಂದು ಮುನಿರತ್ನಮ್ಮ ಹೇಳಿದರು. ಕೆಂಪಣ್ಣ ಬಾಯಿ ತುಂಬಾ ನೊರೆ ಇಟ್ಟುಕೊಂಡು, ನಾನೂ ಇನ್ನೂ ತೊಳ್ದಿಲ್ಲ ಎನ್ನುವಂತೆ ಕೈ ಆಡಿಸಿದರು. ಬೋಸಿ ನನ್ನ ಕೈಗೆ ಬಂತು.

ಹಿದಕುವುದು ಸುಲಭ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆ ತಂದು ಕಾಳನ್ನು ಕುಕ್ಕರಿಗೆ ಸುರಿದುಕೊಂಡು, ಬೇಳೆಗೆಂದು ಬೋಸಿಯನ್ನು ಮುಂದಿಟ್ಟುಕೊಂಡೆ. ಮೆಲ್ಲಗೆ ಒತ್ತಿದರೆ ಬೇಳೆ ಬರುವುದಿಲ್ಲ. ಜೋರಾಗಿ ಒತ್ತಿದರೆ ಅದು ಬೋಸಿಗೆ ಬೀಳದೆ ಗೋಡೆಗೆ, ಕಿಟಕಿಗೆ, ಒಂದು ಸಲ ನನ್ನ ಕನ್ನಡಕಕ್ಕೆ ಹಾರಿತು. ಒಂದು ಗಂಟೆಯಲ್ಲಿ ಹೆಬ್ಬೆಟ್ಟು ಮರಗಟ್ಟಿತು. ಎರಡು ಗಂಟೆಯಲ್ಲಿ ಬೋಸಿಯ ತಳ ಮುಚ್ಚುವಷ್ಟು ಬೇಳೆ, ಅದರ ಎರಡರಷ್ಟು ಸಿಪ್ಪೆ, ಮನೆ ತುಂಬ ಅವರೆಯ ಸೊಗಡು. ನೆಲದ ಮೇಲೆ ಕಾಲು ಚಾಚಿ ಕೂತು, ಸುತ್ತ ಪೆಟ್ಟಿಗೆಗಳು, ತಲೆಯ ಮೇಲೆ ಬನಿಯನ್ನುಗಳು ಇರುವಾಗ ಬಾಗಿಲಲ್ಲಿ ನೆರಳು ಬಿತ್ತು.

ವಿಮಲ ನಿಂತಿದ್ದಳು. ಮೂರು ಗಂಟೆಯ ಬಸ್ಸು ಎಂದವಳು ಬೆಳಗಿನ ಮೊದಲ ಬಸ್ಸು ಹಿಡಿದು, ಹೊಸೂರಿನಿಂದ ಇಲ್ಲಿಗೆ ತಾನೇ ಬಂದುಬಿಟ್ಟಿದ್ದಳು. ಮನೆ ಹೇಗೆ ಸಿಕ್ಕಿತು ಎಂದು ತೊದಲಿದೆ. ಬಸ್ಸಿಳಿದು ಗಣಿತದ ಮೇಷ್ಟ್ರ ಮನೆ ಯಾವುದು ಎಂದು ಕೇಳಿದಳಂತೆ. “ಬಿಸಿಲಲ್ಲಿ ಸ್ಕೂಟರ್ ನಿಲ್ಲಿಸಿ ಕಿರುಚ್ಕೋತಾರಲ್ಲ, ಆ ಮೇಷ್ಟ್ರಾ?” ಎಂದು ಟೀ ಅಂಗಡಿಯವರು ದಾರಿ ತೋರಿಸಿದರಂತೆ.

ಅವಳು ಮನೆಯನ್ನು ಒಂದು ಸುತ್ತು ನೋಡಿದಳು. ಬಿಚ್ಚದ ಪೆಟ್ಟಿಗೆಗಳು, ಕರ್ಟನ್ನಿಲ್ಲದ ಕಿಟಕಿ, ಗೋಡೆಗೆ ಅಂಟಿದ ಅವರೆಬೇಳೆ. ನಾನು ಫೋನಿನಲ್ಲಿ ಕಟ್ಟಿದ್ದ ಮನೆ ಒಂದೇ ನೋಟದಲ್ಲಿ ಬಿದ್ದುಹೋಯಿತು. ಮಾರನೆ ದಿನದ ಬಸ್ಸು ನನ್ನ ಕಣ್ಣ ಮುಂದೆ ಬಂದು ನಿಂತಿತು. “ಆಗಲಿ ಅನ್ನುವ ಮೊದಲು ನಿನ್ನನ್ನು ಕೇಳಬೇಕಿತ್ತು” ಎಂದೆ. ಇಷ್ಟು ದಿನ ಹೇಳಲಾಗದ ಮಾತು ಸಿಪ್ಪೆಯ ರಾಶಿಯ ನಡುವೆ ಸರಾಗವಾಗಿ ಬಂತು.

ವಿಮಲ ಚೀಲ ಇಳಿಸಿ, ಕೈ ತೊಳೆದು, ಸೆರಗು ಸಿಕ್ಕಿಸಿ ನನ್ನ ಎದುರು ಕೂತಳು. “ಯಾರದಿದು?” ಎಂದು ಕೇಳಿದಳು. ಹೇಳಿದೆ. ಅವಳ ಬೆರಳುಗಳಿಂದ ಬೇಳೆ ಒಂದೊಂದೂ ನೇರವಾಗಿ ಬೋಸಿಗೇ ಬೀಳುತ್ತಿತ್ತು. ಮುಗಿದಮೇಲೆ ನೋಡಿದರೆ ತುಂಬಿ ಬಂದ ಬೋಸಿಯಲ್ಲಿ ಬೇಳೆ ಮುಕ್ಕಾಲೂ ಇರಲಿಲ್ಲ. ಕೆಲವು ಸಿಪ್ಪೆಗೆ ಹೋಗಿದ್ದವು, ಉಳಿದವು ನನ್ನ ಗೋಡೆಗೆ. ನಾನು ಅಂಜಿದೆ. “ಅವರದೇ ಅವರೆಕಾಳು ಅವರಿಗೇ ಕಡಿಮೆ ಮಾಡಿ ಕೊಡ್ತಾ ಇದ್ದೀನಿ. ಇದರ ಮೇಲೆ ಏನಾದರೂ ಹಾಕೋಣವೇ? ಸಕ್ಕರೆ?” ವಿಮಲ ಮೊದಲ ಸಲ ನಕ್ಕಳು. “ನಿಮ್ಮ ಹೆಬ್ಬೆಟ್ಟು ತೋರಿಸಿ, ಸಾಕು” ಎಂದಳು.

ಕೊಂಡೊಯ್ದು ಕೊಟ್ಟೆ. ಮುನಿರತ್ನಮ್ಮ ಎಂದಿನಂತೆ ಮುಚ್ಚಳ ತೆಗೆದು ಒಳಗೆ ನೋಡಿದರು. ಬೇಳೆಯಲ್ಲಿ ಕೈಯಾಡಿಸಿ, “ಈ ಅರ್ಧ ಹಿದಕಿರಾದು ನೀವಲ್ಲ” ಎಂದರು. “ಅಮ್ಮಾವ್ರು ಬಂದ್ರಾ?” ಅವರು ಉತ್ತರಕ್ಕೂ ಕಾಯಲಿಲ್ಲ, ಗೇಟು ತೆರೆದುಕೊಂಡು ನಮ್ಮ ಮನೆಯೊಳಗೆ ಹೋದರು. ನಾನು ಹಿಂದೆ ಹೋಗುವಷ್ಟರಲ್ಲಿ ವಿಮಲ ಅವರನ್ನು ಅಕ್ಕಾ ಎಂದೂ, ಅವರು ವಿಮಲನನ್ನು ಏನವ್ವಾ ಎಂದೂ ಕರೆದಾಗಿತ್ತು. ಇಬ್ಬರೂ ಗೋಡೆಗೆ ಅಂಟಿದ ಬೇಳೆ ತೋರಿಸಿಕೊಂಡು ನಗುತ್ತಿದ್ದರು. ಮೂರು ವಾರದಲ್ಲಿ ನನ್ನಿಂದಾಗದ್ದು ಮೂರು ನಿಮಿಷದಲ್ಲಿ ಮುಗಿದಿತ್ತು.

ಸಂಜೆ ಅದೇ ಬೋಸಿ ಹಿದಕಿದ ಬೇಳೆ ಸಾರು ತುಂಬಿಕೊಂಡು ಬಂತು, ಜೊತೆಗೆ ಎರಡು ರಾಗಿಮುದ್ದೆ. ಪೆಟ್ಟಿಗೆಯ ಮೇಲೆ ತಟ್ಟೆಯಿಟ್ಟುಕೊಂಡು ಇಬ್ಬರೂ ಉಂಡೆವು. ವಿಮಲ ಊಟದ ಬಗ್ಗೆ ಮಾತಾಡಿದಳು, ಬಸ್ಸಿನ ಬಗ್ಗೆ ಮಾತಾಡಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಉಂಡಮೇಲೆ ಬೋಸಿ ತೊಳೆಯಲು ಎದ್ದೆ. ಅಭ್ಯಾಸಬಲದಿಂದ ಮೂರನೆಯ ನೀರಿಗೆ ಕೈ ಹೋಯಿತು, ತಡೆದುಕೊಂಡೆ. ತೊಳೆದು ಒರೆಸಿ, ಈಗಲೇ ಕೊಟ್ಟು ಬರಲೇ ಎಂದು ಕೇಳಿದೆ.

“ಏನವಸರ?” ಎಂದಳು ವಿಮಲ. ಅವಳು ಆಗಲೇ ಮೂಲೆಯ ಒಂದು ಪೆಟ್ಟಿಗೆಯ ಟೇಪು ಕಿತ್ತು ಒಳಗೆ ಕೈಹಾಕಿದ್ದಳು. “ನನ್ನ ಒಗ್ಗರಣೆ ಸೌಟು, ಬಾಣಲೆ ಎಲ್ಲ ಎಲ್ಲಿವೆ ಅಂತ ಹುಡುಕಬೇಕು. ಬುಧವಾರ ಕೋಡುಬಳೆ ಮಾಡ್ತೀನಿ, ಅದನ್ನ ಹಾಕಿ ಕೊಡೋಣ.”

ಅವಳು ವಾಪಸ್ ಹೋಗಬಹುದಾಗಿದ್ದದ್ದು ಸೋಮವಾರ. ಬುಧವಾರ ಎಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ, ನಾನಂತೂ ಕೇಳಿ ಖಚಿತಪಡಿಸಿಕೊಳ್ಳಲು ಹೋಗಲಿಲ್ಲ. ಪೆಟ್ಟಿಗೆಯಿಂದ ಮೊದಲು ಬಂದದ್ದು ನನ್ನ ನೋಟ್‌ಬುಕ್ಕು. ಅವಳು ಅದನ್ನು ಓದದೆ ಪಕ್ಕಕ್ಕಿಟ್ಟು, ಬಿಚ್ಚಿ ಖಾಲಿ ಮಾಡಿದ ಪೆಟ್ಟಿಗೆಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಿದಳು. ಬೋಸಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿಟ್ಟೆ. ಈಗಲೂ ಅದು ಅಲ್ಲೇ ಇದೆ, ಯಾಕೆಂದರೆ ಬೋಸಿ ನಮ್ಮಲ್ಲೇ ಇರಲಿ ಎಂದು ವಿಮಲ ಕೋಡುಬಳೆಯನ್ನು ನಮ್ಮ ಡಬ್ಬಿಯಲ್ಲಿ ಕಳಿಸಿದಳು, ಆ ಡಬ್ಬಿ ಇನ್ನೂ ಪಕ್ಕದ ಮನೆಯಲ್ಲಿದೆ. ಯಾರಿಗೂ ಅವಸರವಿಲ್ಲ.